ರಿಜಿಸ್ಟರಿನಲ್ಲಿ ಇಲ್ಲದ ಇಬ್ಬರು ಓದುಗರು

ಶಿಕ್ಷೆ ಅನುಭವಿಸಿದವಳು ಜೋಗೇಶ್ವರಿ ಬಡಾವಣೆಯ ಹದಿನೈದು ವರ್ಷದ ಒಬ್ಬ ಹುಡುಗಿ. ತಪ್ಪು ಮಾಡಿದವರು ಪರೇಲಿನ ನಮ್ಮ ಕನ್ನಡ ವಾಚನಾಲಯದ ಸಮಿತಿಯವರು, ನನ್ನ ತಂದೆ ಮತ್ತು ನಾನು. ಆಕೆಯ ಮುಖವನ್ನು ನಾನು ಎಂದೂ ಕಂಡಿಲ್ಲ.

ಐವತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಬಂದು ಗುಮಾಸ್ತರಾಗಿದ್ದ ತಂದೆಯೊಡನೆ ನಾವು ವಿಲೆ ಪಾರ್ಲೆಯಲ್ಲಿ ವಾಸವಾಗಿದ್ದೆವು. ನನ್ನ ಶಾಲೆ ಹೊಸ ವಿಚಾರಗಳದ್ದು. ಅನ್ಯಾಯ ಕಂಡಲ್ಲಿ ಎದ್ದು ನಿಂತು ಕೇಳಬೇಕೆಂದು ಅಲ್ಲಿ ಕಲಿಸುತ್ತಿದ್ದರು, ಕಲಿಸುತ್ತಿದ್ದುದು ಮರಾಠಿಯಲ್ಲಿ. ತರಗತಿಯಲ್ಲಿ ಕನ್ನಡ ಬಲ್ಲವರು ನನ್ನ ಹೊರತು ಮತ್ತೊಬ್ಬರಿರಲಿಲ್ಲ. ಸಂಜೆ ಬಿಲ್ಡಿಂಗಿನ ಹುಡುಗಿಯರು ಕೆಳಗೆ ಆಡುತ್ತಿರುವಾಗ ನಾನು ಗ್ಯಾಲರಿಯಲ್ಲಿ ಕುಳಿತು, ಓದಿದ್ದನ್ನು ಯಾರಿಗೆ ಹೇಳಲಿ ಎಂದು ಯೋಚಿಸುತ್ತಿದ್ದೆ.

ಪ್ರತಿ ಭಾನುವಾರ ತಂದೆಯೊಡನೆ ಲೋಕಲ್ ರೈಲು ಹಿಡಿದು ವಾಚನಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ಎರಡೇ ಕಪಾಟುಗಳಿದ್ದವು. ಒಂದರಲ್ಲಿ ಮಕ್ಕಳ ಕಥೆಗಳು. ಇನ್ನೊಂದರಲ್ಲಿ ಗೃಹಸ್ಥರು ಓದತಕ್ಕ ಪುಸ್ತಕಗಳು. ಹನ್ನೆರಡು ದಾಟಿದ, ಮದುವೆಯಾಗದ ಹುಡುಗಿಗೆ ಎರಡರಲ್ಲಿಯೂ ಸ್ಥಾನವಿರಲಿಲ್ಲ. ಕಾರ್ಡು ಕೊಡುತ್ತಿದ್ದುದು ಮನೆಯ ಯಜಮಾನನ ಹೆಸರಿಗೆ ಮಾತ್ರ. ನನಗೊಂದು ಕಾರ್ಡು ಬೇಕೆಂದು ಒಮ್ಮೆ ಕೇಳಿದೆ. ಬೆಳಗಾವಿಯವರಾದ ಕಾರ್ಯದರ್ಶಿಗಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ತಂದೆಗೆ ಹೇಳಿದರು: "ಏನ್ರೀ, ಇವತ್ತ ಕಾರ್ಡ ಕೇಳತಾಳ, ನಾಳೆ ನನ್ನ ಖುರ್ಚಿ ಕೇಳತಾಳ." ತಂದೆ ನಕ್ಕರು. ಆ ನಗೆಯನ್ನೂ ನಾನು ತಪ್ಪುಗಳ ಲೆಕ್ಕಕ್ಕೇ ಸೇರಿಸುತ್ತೇನೆ.

ವಾಚನಾಲಯದಲ್ಲಿ ಒಂದು ಒಳ್ಳೆಯ ಪದ್ಧತಿಯೂ ಇತ್ತು. ಪ್ರತಿ ಪುಸ್ತಕದ ಕೊನೆಗೆ ಒಂದು ಖಾಲಿ ಹಾಳೆ ಅಂಟಿಸಿರುತ್ತಿದ್ದರು. ಓದಿದವರು ಮುಂದಿನ ಓದುಗರಿಗಾಗಿ ಅದರಲ್ಲಿ ಅಭಿಪ್ರಾಯ ಬರೆಯಬೇಕು. ಗಂಡಸರು 'ಉತ್ತಮ', 'ಸಾಧಾರಣ' ಎಂದು ಬರೆದು ಸಹಿ ಹಾಕುತ್ತಿದ್ದರು. ತಂದೆಯ ಕಾರ್ಡಿನ ಮೇಲೆ ಬಂದ ಪುಸ್ತಕಗಳನ್ನು ಮನೆಯಲ್ಲಿ ಓದುತ್ತಿದ್ದ ನಾನು ಸಹಿಯಿಲ್ಲದೆ, ಪೆನ್ಸಿಲಿನಲ್ಲಿ ಬರೆಯತೊಡಗಿದೆ. ಮೆಟ್ರಿಕ್‌ನಲ್ಲಿ ಫೇಲಾಗಿ, ಮನೆಯವರ ಮಾತು ಮೀರಿ ಮತ್ತೆ ಪರೀಕ್ಷೆಗೆ ಕೂರುವ ಹುಡುಗಿಯೊಬ್ಬಳ ಕಾದಂಬರಿಯ ಕೊನೆಗೆ ಹೀಗೆ ಬರೆದಿದ್ದೆ: "ಹದಿನಾಲ್ಕು ದಾಟಿದವರು ಓದಲೇಬೇಕು. ಮೊದಲ ಮೂವತ್ತು ಪುಟ ಬೇಸರ, ತಾಳಿಕೊಳ್ಳಿ. ಕೊನೆಯಲ್ಲಿ ಇವಳಿಗೆ ಮದುವೆ ಮಾಡಿಸಿ ಕಥೆ ಮುಗಿಸಿಲ್ಲ."

ಎರಡು ತಿಂಗಳ ಬಳಿಕ ಹಟ ಹಿಡಿದು ಅದೇ ಪುಸ್ತಕವನ್ನು ಮತ್ತೆ ತರಿಸಿದೆ. ನನ್ನ ಸಾಲುಗಳ ಕೆಳಗೆ ಪುಟ್ಟ, ದುಂಡನೆಯ ಅಕ್ಷರಗಳು: "ಓದಿದೆ. ಮೂವತ್ತಲ್ಲ, ನಲವತ್ತು ಪುಟ ಬೇಸರ. ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ನನಗೆ ಹದಿನೈದು. ಇನ್ನೊಂದು ಪುಸ್ತಕ ಹೇಳಿ."

ಹೇಳಿದೆ. ಸುಮಾರು ಒಂದು ವರ್ಷ ಹೇಳುತ್ತಲೇ ಇದ್ದೆ. ಆಕೆಯೂ ನನಗೆ ಹೇಳಿದಳು. ಆ ನಗರದಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ. ಇದ್ದುದು ಪುಸ್ತಕಗಳ ಕೊನೆಯ ಹಾಳೆಗಳಲ್ಲಿ.

ಒಂದು ಭಾನುವಾರ ಆಕೆಯ ತಂದೆ ಪುಸ್ತಕವೊಂದರ ಕೊನೆಯ ಹಾಳೆ ತೆರೆದು ಮೇಜಿನ ಮೇಲೆ ಕುಕ್ಕಿದರು. ಉಡುಪಿ ಕಡೆಯವರು, ಹೋಟೆಲಿನಲ್ಲಿ ಅಡುಗೆಯವರು. "ಇದು ಯಾರು ಬರೆದದ್ದು ಹೇಳಿ ನೀವು. ನನ್ನ ಮಗಳಿಗೆ ಅದು ಓದು, ಇದು ಓದು ಹೇಳ್ಲಿಕ್ಕೆ ಇವನು ಯಾರು?"

"ಸಾವಕಾಶ ಮಾತಾಡ್ರಿ," ಎಂದ ಕಾರ್ಯದರ್ಶಿಗಳು ರಿಜಿಸ್ಟರು ತೆರೆದು, ಆ ಪುಸ್ತಕ ಒಯ್ದವರ ಹೆಸರುಗಳ ಮೇಲೆ ಬೆರಳಾಡಿಸಿದರು. "ಎಲ್ಲಾ ಗಂಡಸರ ಹೆಸರ ಅದಾವ. ಅಂದಮ್ಯಾಲ ಬರದಾಂವ ಗಂಡಸನ."

ಪಕ್ಕದಲ್ಲೇ ನಿಂತಿದ್ದ ನನ್ನ ತಂದೆ ಆ ಕೊನೆಯ ಹಾಳೆಯನ್ನು ನೋಡಿದರು. ಅವರ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಆಕೆಯನ್ನು ಉಳಿಸಲು 'ನಾನು' ಎಂಬ ಒಂದು ಮಾತು ಸಾಕಾಗಿತ್ತು. ಎದ್ದು ನಿಂತು ಕೇಳಲು ಕಲಿತಿದ್ದ ನಾನು ನಿಂತೇ ಇದ್ದೆ, ಮಾತಾಡಲಿಲ್ಲ.

"ಇನ್ನು ಅವಳಿಗೆ ಪುಸ್ತಕವೂ ಬೇಡ, ಶಾಲೆಯೂ ಬೇಡ," ಎಂದು ಆ ಹುಡುಗಿಯ ತಂದೆ ಕಾರ್ಡು ಒಪ್ಪಿಸಿ ಮೆಟ್ಟಿಲಿಳಿದು ಹೋದರು.

ಲೋಕಲ್‌ನಲ್ಲಿ ತಂದೆ ಹೇಳಿದರು: "ನಿನ್ನ ಅಕ್ಷರ ನನಗ ಗೊತ್ತಿಲ್ಲೇನವ್ವಾ? ಹೇಳಿದ್ರ ನಿನ್ನ ಹೆಸರು ಕೆಡತಿತ್ತು."

"ಮತ್ತ ಆಕೀ ಹೆಸರು ಕೆಡಲಿಲ್ಲೇನು, ಅಪ್ಪಾ?"



ಮುಂದಿನ ವಾರದೊಳಗೆ ಸಮಿತಿಯವರು ಎಲ್ಲ ಪುಸ್ತಕಗಳ ಕೊನೆಯ ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿದ್ದರು. ಆಮೇಲೆಯೂ ಪುಸ್ತಕ ಬಂದಾಗಲೆಲ್ಲ ನಾನು ಮೊದಲು ಕೊನೆಯನ್ನೇ ತೆರೆಯುತ್ತಿದ್ದೆ. ಹೊಲಿಗೆಯ ಬಳಿ ಬೆರಳಗಲದ ಕಾಗದದ ಅಂಚು ಉಳಿದಿರುತ್ತಿತ್ತು. ಕೆಲವು ಅಂಚುಗಳಲ್ಲಿ ಆಕೆಯ ದುಂಡನೆಯ ಅಕ್ಷರಗಳ ಮೊದಲ ತಿರುವು ಇರುತ್ತಿತ್ತು. ಯಾವ ಪುಸ್ತಕ ಓದು ಎಂದಿದ್ದಳೋ, ಅದು ಕತ್ತರಿಸಿಹೋಗಿತ್ತು.

ಆ ಹುಡುಗಿ ಮತ್ತೆ ಶಾಲೆಗೆ ಹೋದಳೇ, ನನಗೆ ತಿಳಿಯದು. ವಾಚನಾಲಯ ಇಂದಿಗೂ ಇದೆ, ಕಪಾಟುಗಳು ಇಂದಿಗೂ ಎರಡೇ. ಆದ್ದರಿಂದ ಇಂದಿನ ಸಮಿತಿಯ ಸದಸ್ಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಇದು: ಹದಿಹರೆಯದವರಿಗಾಗಿ ಮೂರನೆಯ ಕಪಾಟನ್ನು ತೆರೆಯಿರಿ, ಹುಡುಗಿಯರಿಗೆ ಅವರವರ ಹೆಸರಿನಲ್ಲೇ ಕಾರ್ಡು ಕೊಡಿರಿ, ಕತ್ತರಿಸಿದ ಹಾಳೆಗಳ ಜಾಗದಲ್ಲಿ ಹೊಸ ಹಾಳೆ ಅಂಟಿಸಿರಿ. ಅದಕ್ಕೂ ಮೊದಲು, ಆ ಹಳೆಯ ರಿಜಿಸ್ಟರನ್ನು ಹೊರತೆಗೆದು ಮೇಜಿನ ಮೇಲಿಡಿ. ಬರುವ ಭಾನುವಾರ ನಾನು ಬರುತ್ತೇನೆ. ತಂದೆಯ ಹೆಸರಿನ ಪಕ್ಕದಲ್ಲಿ, ಓದಿದವಳು ಮತ್ತು ಬರೆದವಳು ನಾನು ಎಂದು ನನ್ನ ಕೈಯಿಂದಲೇ ಬರೆದು ಸಹಿ ಹಾಕಲು ಬಿಡಿ.