ಮೂಲಾ ನಕ್ಷತ್ರಕ್ಕೆ ತಂದ ಗಾಜು

1993ರಲ್ಲಿ, ಏಳನೇ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಿಪ್ಪಾಣಿಯ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿತು ರಾಯಬಾಗದಲ್ಲಿ ಸ್ವಂತ ಅಂಗಡಿ ಹಾಕಿದೆ. ಯಾರಾದರೂ ಕನಿಕರ ತೋರಿಸಿದರೆ ನನಗೆ ಆಗಿಬರುವುದಿಲ್ಲ.

ಹೋದ ವರ್ಷ ಮಗಳಿಗೆ ಐನಾಪುರದ ಸಂಬಂಧ ಕೂಡಿಬಂದಿತ್ತು. ಮಾತೆಲ್ಲ ಮುಗಿದ ಮೇಲೆ ಹುಡುಗನ ಅಪ್ಪ ಅಂಗಡಿಗೇ ಬಂದ. ನನ್ನ ಮಗಳದು ಮೂಲಾ ನಕ್ಷತ್ರ. ಅಂಥ ಸೊಸೆ ಬಂದರೆ ಮಾವನ ಜೀವಕ್ಕೆ ಕುತ್ತು ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಅದಕ್ಕೆ ಪರಿಹಾರವೆಂದು ತಂದ ಹುಣಸೆಬೀಜದಷ್ಟು ಕಪ್ಪು ಗಾಜು ಅವನ ಅಂಗೈಯಲ್ಲಿತ್ತು.

"ಥಾಯ್ಲೆಂಡದ್ದರಿ. ಉಲ್ಕಿ ಜೋಡಿ ಆಕಾಶದಿಂದ ಬಿದ್ದದ್ದು. ಉಂಗುರ ಮಾಡಸ್ತೀನಿ. ನಿಮ್ಮ ಮಗಳು ಸಾಯೂತನಕ ಬೆರಳಿಂದ ತಗೀಬಾರದು."

ಬುತ್ತಿ ತಂದಿದ್ದ ಮಗಳು ಅಲ್ಲೇ ನಿಂತಿದ್ದಳು. ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿದವಳು.

"ಆಕಾಶದ್ದಲ್ರಿ ಮಾವಾರ. ಉಲ್ಕಿ ಅಪ್ಪಳಿಸಿದ ಝಳಕ್ಕ ಅಲ್ಲಿ ಮಣ್ಣ ಕರಗಿ ಮ್ಯಾಲ ಸಿಡೀತೈತಿ. ಹಾರಕೋತ ಆರಿ, ಗಾಜಾಗಿ ಬೀಳತೈತಿ. ನೆಲದ್ದ ಅದು."

ನನಗೆ ತಟ್ಟನೆ ತಿಳಿಯಿತು. ವೆಲ್ಡಿಂಗ್ ಮಾಡುವಾಗ ಕಬ್ಬಿಣದ ಹನಿ ಸಿಡಿದು, ಗಾಳಿಯಲ್ಲೇ ಗಟ್ಟಿಯಾಗಿ, ಗುಂಡುಗುಂಡಾಗಿ ಉದುರುತ್ತದಲ್ಲ, ಹಾಗೆ.

ಅವನಿಗೆ ಮೈಯೆಲ್ಲ ಉರಿಯಿತು. "ಲಗ್ನಕ್ಕ ಮೊದಲ ಮಾವಗ ಪಾಠ ಹೇಳಾಕತ್ತೀಯೇನಬೇ?"

"ಯಾತರ ಉಲ್ಕಿ? ಇದು ಬಿಯರ್ ಬಾಟ್ಲಿ ಚೂರು!" ಅಂದೆ ನಾನು, ಮಗಳನ್ನು ಗದರಿಸಿದ ಸಿಟ್ಟಿಗೆ. ಅದನ್ನು ಕಸಿದುಕೊಂಡು ಇಟ್ಟಿಗೆ ಮೇಲಿಟ್ಟೆ. ಪಕ್ಕಕ್ಕೆ ನಿಜವಾದ ಬಾಟಲಿ ಚೂರೊಂದನ್ನು ಇಟ್ಟು, ಎರಡಕ್ಕೂ ಗ್ಯಾಸಿನ ಸಣ್ಣ ಉರಿ ಹಿಡಿದೆ. ಬಾಟಲಿ ಚೂರು ಮೇಣದ ಹಾಗೆ ಕುಸಿಯಿತು. ಅವನದು ಬಗ್ಗಲಿಲ್ಲ. ಟಪ್ ಎಂದು ಸೀಳಿ ಎರಡಾಯಿತು.

"ಕಂಡೀ? ಖರೇ ಕಲ್ಲು! ಸಾಲಿ ಬಿಟ್ಟಾವ್ನ ಬುದ್ಧಿ ಇಷ್ಟ ನೋಡು!" ಅಂದ ಅವನು.

"ಕಲ್ಲು ಖರೇ ಐತಿ. ಖೊಟ್ಟಿ ನೀ ಅದಿ. ಮಗನ ಲಗ್ನಕ್ಕ ಬಂದೀಯೋ, ನಿನ್ನ ಜೀವದ ಬಂದೋಬಸ್ತಕ್ಕ ಬಂದೀಯೋ?"

ಅವನು ಮಗಳ ಕಡೆ ತಿರುಗಿದ. "ನೀ ಹೇಳಬೇ. ಬ್ಯಾರೆ ಕಲ್ಲು ತಂದರ ಹಾಕ್ಕೋತೀ ಇಲ್ಲೋ?"

"ಹಾಕ್ಕೊಂಡರ ನಾ ಅಪಶಕುನ ಅಂತ ನಾನ ಒಪ್ಪಿದಂಗಾತರಿ. ಒಲ್ಲೆ."

ಅವನು ಬಿಸಿ ಆರದ ಚೂರುಗಳನ್ನು ಹೆಕ್ಕಲು ಹೋಗಿ ಬೆರಳು ಸುಟ್ಟುಕೊಂಡ. ಬೈಯುತ್ತಲೇ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದ. ಸಂಬಂಧ ಅಲ್ಲಿಗೇ ಮುರಿಯಿತು. ನನ್ನ ಬಾಯಿಂದಲೇ ಕೆಟ್ಟಿತೆಂದು ಓಣಿಯವರು ಇವತ್ತಿಗೂ ಅನ್ನುತ್ತಾರೆ. ಅನ್ನಲಿ.

ಈಗ ನನಗಿರುವುದು ಎರಡು ಶಟರಿನ ಅಂಗಡಿ, ಮೂರು ಕೋಣೆಯ ಮನೆ, ಒಂದು ಟೆಂಪೊ, ಮದುವೆಯಾಗದ ಒಬ್ಬ ಮಗಳು. ಬೀಗರು ಒಬ್ಬರೂ ಇಲ್ಲ.