ಓಣಿಗೆ ಬಂದ ಒಲೆಗಳು

ಅಕ್ಕನ ಮನೆಯ ಹುಲ್ಲು ಕಿತ್ತು ತಗಡು ಹೊಡೆದವನು ನಾನೇ.

ನಿಜಾಮರ ಕಾಲ. ಬೀದರಿನಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದೆ. ಅಕ್ಕ ಕೋಟೆಯ ಕಡೆಗಿನ ಓಣಿಯಲ್ಲಿದ್ದಳು. ಭಾವ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅಕ್ಕನ ಅತ್ತೆಗೆ ಲಕ್ವಾ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಆಕೆಯನ್ನು ಹೊರಸಿನಿಂದ ಎಬ್ಬಿಸಿ, ಉಣ್ಣಿಸಿ, ಮತ್ತೆ ಮಲಗಿಸುವುದೇ ಅಕ್ಕನ ದಿನವಾಗಿತ್ತು.

ಒಂದು ಬೇಸಿಗೆ ಪೇಟೆಯ ಹತ್ತಿರ ಕೆಲವು ಹುಲ್ಲುಮನೆಗಳು ಸುಟ್ಟವು. ಸ್ವಲ್ಪ ದಿನದಲ್ಲೇ ಹುಕುಂ ಬಂತು: ಊರಗೋಡೆಯ ಒಳಗೆ ಹುಲ್ಲಿನ, ಕಣಕಿಯ ಎಂದರೆ ಜೋಳದ ದಂಟಿನ ಛಾವಣಿ ಇರಬಾರದು, ಎಲ್ಲರೂ ತಗಡು ಹೊದಿಸಬೇಕು. ಗುತ್ತೇದಾರ ನನ್ನನ್ನು ಕರೆದ. ಕೆಲಸ ಸಿಕ್ಕಿತೆಂದು ಖುಷಿಯಿಂದಲೇ ಹೋದೆ. ಅಕ್ಕನ ಮನೆಗೆ ಬೇರೆಯವರಿಗಿಂತ ಹೆಚ್ಚು ಮೊಳೆ ಹೊಡೆದೆ, ಗಾಳಿಗೆ ಏಳಬಾರದೆಂದು.

ಮಳೆಗಾಲದಲ್ಲಿ ಒಂದು ಹನಿಯೂ ಸೋರಲಿಲ್ಲ. ಅಕ್ಕ ಹೊಗಳಿದಳು. ಬೇಸಿಗೆ ಬಂದಾಗ ಗೊತ್ತಾಯಿತು. ಹೊತ್ತು ಏರುತ್ತಿದ್ದಂತೆ ಮನೆಯೊಳಗೆ ಉಸಿರು ಕಟ್ಟುತ್ತಿತ್ತು. ಗೋಡೆ ಗಿಡ್ಡ, ತಗಡು ತಲೆಗೆ ತಾಗುವಷ್ಟು ಹತ್ತಿರ. ಮುದುಕಿಗೆ ಮಾತು ಬರುತ್ತಿರಲಿಲ್ಲ. ಬಾಯಿ ತೆರೆದು ಬಾಗಿಲ ಕಡೆ ನೋಡುತ್ತಿದ್ದಳು.

"ತಮ್ಮಾ, ಇದ್ರಾಗ ಹ್ಯಾಂಗ ಇರಬೇಕೋ? ರೊಟ್ಟಿ ಬಡಿಲಿಕ್ಕ ಕುಂತ್ರ ಕಣ್ಣಿಗಿ ಕತ್ತಲಿ ಬರ್ತದ," ಎಂದಳು ಅಕ್ಕ.

ಮನೆಗಳ ತಪಾಸಣೆಗೆ ಬರುತ್ತಿದ್ದ ದಾರೋಗಾ ಹೈದರಾಬಾದಿನವನು, ಒಳ್ಳೆಯ ಮನುಷ್ಯ. ಅವನನ್ನು ಕಾಡಿಬೇಡಿ ನಡುಮಧ್ಯಾಹ್ನ ಕರೆದುಕೊಂಡು ಬಂದೆ. ಅಕ್ಕ ಮಣೆ ಹಾಕಿ, "ಕೂಡ್ರಿ ಸಾಹೇಬ್ರ. ನೀವೇ ನೋಡ್ರಿ," ಎಂದಳು. ಅವನು ಕೂತ. ಸ್ವಲ್ಪ ಹೊತ್ತಿಗೇ ರುಮಾಲು ತೆಗೆದು ಕುತ್ತಿಗೆ ಒರೆಸಿಕೊಂಡ. ಎದ್ದು ತಗಡು ಮುಟ್ಟಿ, ತಟ್ಟನೆ ಕೈ ಹಿಂದಕ್ಕೆಳೆದ.

"ಸಾಹೇಬ್ರ, ತಗಡಿನ ಮ್ಯಾಲ ಕಣಕಿ ಹಾಸಿ ಮಣ್ಣು ಮೆತ್ತಲಿಕ್ಕ ಬಿಡ್ರಿ. ನಮ್ಮ ಮಣ್ಣಿನ ಮಾಳಗಿ ಮನಿ ಇರೂದು ಹಂಗೇ. ಕಿಡಿ ಬಿದ್ರೂ ಹತ್ತಂಗಿಲ್ಲ, ಒಳಗ ತಂಪಿರ್ತದ," ಎಂದೆ.

"ನೀ ಹೇಳೂದು ಖರೇ ಅದ, ಮಿಸ್ತ್ರಿ. ಆದ್ರ ಹುಕುಂನ್ಯಾಗ ಕಣಕಿ ಬ್ಯಾಡ ಅಂತ ಬರದಾರ. ಮಣ್ಣಿನ ಕೆಳಗಿದ್ರೂ ಕಣಕಿ ಕಣಕೀನೇ. ನಾ ಮ್ಯಾಲಿನವ್ರಿಗಿ ಬರೀತೀನಿ."

ಬರೆದದ್ದು ನಿಜ. ಕಾಗದವನ್ನು ಕಳಿಸುವ ಮೊದಲು ನನಗೆ ಓದಿ ಹೇಳಿದ. ಬೀದರಿನ ಬಿಸಿಲು, ಬಿಸಿಗಾಳಿ, ಲಕ್ವಾ ಹೊಡೆದ ಮುದುಕಿ, ಎಲ್ಲವೂ ಅದರಲ್ಲಿತ್ತು. ಜವಾಬು ಮಳೆಗಾಲ ಮುಗಿದ ಮೇಲೆ ಬಂತು. ಎಲ್ಲ ಊರುಗಳಿಗೂ ಕಾಯಿದೆ ಒಂದೇ, ಒಂದು ಓಣಿಗಾಗಿ ಬದಲಾಗುವುದಿಲ್ಲ. ದಾರೋಗಾ ಕಾಗದ ಮಡಚಿ, "ನನ್ನ ಕೈಯಾಗ ಇನ್ನೇನೂ ಇಲ್ಲೋ," ಎಂದ. ಸ್ವಲ್ಪ ದಿನಕ್ಕೆ ಅವನಿಗೆ ಬೇರೆ ಊರಿಗೆ ಬದಲಿಯಾಯಿತು.

ಮರುವರ್ಷದ ಬೇಸಿಗೆಯಲ್ಲಿ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಒಲೆಗಳನ್ನು ಹೊರಗೆ ತಂದರು. ಒಳಗೆ ಬೆಂಕಿ ಮಾಡುವುದು ಸಾಧ್ಯವೇ ಇರಲಿಲ್ಲ. ಬಾಗಿಲಿಗೊಂದರಂತೆ ಮೂರು ಕಲ್ಲಿನ ಒಲೆ. ಅಕ್ಕ ಅತ್ತೆಯ ಹೊರಸನ್ನೂ ಹೊರಗೆ ತಂದು, ಓಣಿಯ ತುದಿಯ ಬೇವಿನ ಗಿಡದ ನೆರಳಿಗೆ ಹಾಕುತ್ತಿದ್ದಳು. ಆ ಗಿಡದ ಪಕ್ಕದಲ್ಲೇ ದನದವರ ಕಣಕಿ ಬಣವಿ ಇತ್ತು. ಒಲೆಗಳ ಹತ್ತಿರ ಬಣವಿ ಇರುವುದು ನನಗೂ ಕಂಡಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಸುಮ್ಮನಿದ್ದೆ. ಹೇಳಿದ್ದರೂ ಅವರು ಒಲೆಯನ್ನು ಎಲ್ಲಿಗೆ ಒಯ್ಯಬೇಕಿತ್ತು?

ಆ ಮಧ್ಯಾಹ್ನ ಅಕ್ಕ ಬಾವಿಗೆ ಹೋಗಿದ್ದಳು. ಗಾಳಿ ಎದ್ದು ಯಾರದೋ ಒಲೆಯ ಕಿಡಿ ಬಣವಿಗೆ ಹಾರಿತು. ಪಕ್ಕದ ಓಣಿಯಲ್ಲಿ ಕೆಲಸ ಮಾಡುತ್ತಿದ್ದ ನಾನು ಕೂಗು ಕೇಳಿ ಓಡಿದೆ. ನಾನೂ ಇನ್ನೊಬ್ಬನೂ ಹೊರಸನ್ನು ಎಳೆದು ಹೊರತಂದೆವು, ಆದರೆ ಅಷ್ಟರಲ್ಲಿ ಹೊರಸಿನ ಹಗ್ಗವೇ ಹತ್ತಿಕೊಂಡಿತ್ತು. ಮುದುಕಿಗೆ ಕೂಗಲು ಬರುತ್ತಿರಲಿಲ್ಲ. ಕಣ್ಣು ಮಾತ್ರ ತೆರೆದಿದ್ದವು. ಅಕ್ಕ ಕೊಡ ತಂದು ನೀರನ್ನು ಆಕೆಯ ಮೇಲೆ ಸುರಿದಳು. ಸುರಿದ ಮೇಲೂ ಬಹಳ ಹೊತ್ತು ಕೊಡವನ್ನು ಹಾಗೇ ಬಗ್ಗಿಸಿ ಹಿಡಿದಿದ್ದಳು.

ಮೂರನೆಯ ದಿನ ಮುದುಕಿಯನ್ನು ಮಣ್ಣಿಗಿಟ್ಟೆವು.

ತಗಡಿನ ಮನೆಗಳಿಗೆ ಏನೂ ಆಗಿರಲಿಲ್ಲ. ನೋಡಲು ಬಂದ ಹೊಸ ದಾರೋಗಾ ಅದನ್ನೇ ಬರೆದುಕೊಂಡ. ತಿಂಗಳೊಳಗೆ ಇನ್ನೊಂದು ಹುಕುಂ: ಓಣಿಯಲ್ಲಿ ಒಲೆ ಹೂಡಬಾರದು. ಹೆಂಗಸರು ಕಲ್ಲುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅಕ್ಕನನ್ನು ನನ್ನ ಮನೆಗೆ ಕರೆದೆ. "ನಮ್ಮದು ಊರಗೋಡಿ ಹೊರಗ ಅದ, ಮಣ್ಣಿನ ಮಾಳಗಿ, ಬಾರವಾ."

"ಬ್ಯಾಡ ತಮ್ಮಾ. ಇಲ್ಲೇ ರೂಢಿ ಆಗ್ಯಾದ," ಎಂದಳು. ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ನಾಲ್ಕು ಬೇಸಿಗೆ ಆಕೆ ಅದೇ ತಗಡಿನ ಕೆಳಗೆ ಒಬ್ಬಳೇ ಕಳೆದಳು. ಐದನೆಯದು ಆಕೆಗೆ ಬರಲಿಲ್ಲ.

ಅಷ್ಟರಲ್ಲಿ ಹುಕುಂ ಭಾಲ್ಕಿಗೂ ಹೋಗಿತ್ತು, ಆಮೇಲೆ ಔರಾದಿಗೂ. ಗುತ್ತೇದಾರ ಮತ್ತೆ ಕರೆದ. ಭಾಲ್ಕಿಯಲ್ಲಿ ಒಬ್ಬಾಕೆ ಕಂಕುಳಲ್ಲಿ ಕೂಸು ಹಿಡಿದು ಕೆಳಗೆ ನಿಂತು, "ಮಿಸ್ತ್ರಿ, ಇದು ಬ್ಯಾಸಗ್ಯಾಗ ಭಾಳ ಕಾಯ್ತದೇನ್ರಿ?" ಎಂದು ಕೇಳಿದಳು.

"ಕಾಯ್ತದ್ರಿ," ಎಂದೆ. ಬಾಯಲ್ಲಿದ್ದ ಮೊಳೆ ತೆಗೆದು ಹೊಡೆದೆ.