ಎದೆಯ ಹತ್ತಿರ ನಿಂತ ಕೈ

ನನ್ನ ದೊಡ್ಡಪ್ಪ ಶವಪೆಟ್ಟಿಗೆ ಮಾಡುತ್ತಿದ್ದರು. ಚರ್ಚಿನ ಹಿಂದಿನ ಬೀದಿಯಲ್ಲಿ ಮುಂದೆ ಕೆಲಸ, ಹಿಂದೆ ಮನೆ. ದೊಡ್ಡಮ್ಮ ಬೇಗ ತೀರಿಕೊಂಡಿದ್ದರಿಂದ ಅಡುಗೆಮನೆ ಅವರಲ್ಲೇ ಬೆಳೆದ ನನ್ನ ತಲೆಗೆ ಬಿತ್ತು. ಸತ್ತವರಿಗೆ ಟೇಪು ಹಿಡಿಯುವುದೆಂದರೆ ದೊಡ್ಡಪ್ಪನಿಗೆ ಅವಮಾನ. ಪ್ರತಿ ಭಾನುವಾರ ಪೂಜೆಯಲ್ಲಿ ಎದುರಿನ ಬೆಂಚುಗಳಲ್ಲಿ ಕೂತವರ ಬೆನ್ನು, ಭುಜ ನೋಡಿಯೇ ಎಲ್ಲರ ಉದ್ದಗಲ ಬಾಯಿಪಾಠ ಮಾಡಿಕೊಂಡಿದ್ದರು. ಅವರ ಕಣ್ಣು ಬಿದ್ದರೆ ಸಾಕು, ಮುದುಕರು ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗೆ ಕೂರುತ್ತಿದ್ದರು.

ಅವರಿಗೆ ಒಬ್ಬನೇ ಮಗ, ನನಗೆ ಅಣ್ಣ. ಹದಿನಾರು ತುಂಬಿದ ವರ್ಷ, "ಯಾರು ಸಾಯ್ತಾರೆ ಅಂತ ಕಾಯೋ ಕೆಲಸ ನಂಗೆ ಬೇಡಪ್ಪ" ಎಂದ. "ಹಾಗಾದ್ರೆ ನಿನ್ನ ಜೊತೆ ಮಾತೂ ಬೇಡ" ಎಂದರು ದೊಡ್ಡಪ್ಪ. ಅವನು ಪರವೂರಿಗೆ ಹೋದ. ಹನ್ನೊಂದು ವರ್ಷ ಕಾಗದ ಬರೆದ. ನಾನು ಗಟ್ಟಿಯಾಗಿ ಓದುತ್ತಿದ್ದೆ, ಇವರು ಹಲಗೆ ನುಣುಪು ಮಾಡುತ್ತಿದ್ದರು. ಓದು ಎನ್ನಲಿಲ್ಲ, ನಿಲ್ಲಿಸು ಎನ್ನಲಿಲ್ಲ. ಉತ್ತರವನ್ನಂತೂ ಒಂದು ಸಾಲೂ ಬರೆಸಲಿಲ್ಲ. ಅಂಥ ಹಟಮಾರಿ.

ಆಮೇಲೆ ಒಂದು ದಿನ, ಅಣ್ಣ ಜ್ವರಕ್ಕೆ ಹೋದನೆಂದೂ ಮಾರನೆಯ ಮಧ್ಯಾಹ್ನ ತರುತ್ತಾರೆಂದೂ ಸುದ್ದಿ ಬಂತು. ದೊಡ್ಡಪ್ಪ ಒಳ್ಳೆಯ ಮರ ಆರಿಸಿ ಕೂತರು.

"ಅಳತೆ ಕೇಳಿ ತಿಳ್ಕೊಳ್ಳಲಾ?" ಎಂದೆ.

"ನನ್ನ ಮಗನ ಅಳತೆ ನಂಗೇ ಹೇಳಿಕೊಡ್ತೀಯಾ?"

ಮಾಡಿದ್ದು ಹದಿನಾರರ ಹುಡುಗನ ಪೆಟ್ಟಿಗೆ. ಬಂದವನು ಅಪ್ಪನಿಗಿಂತ ಎತ್ತರದ ಗಂಡಸು. ಕಾಲು ಒಂದು ಗೇಣು ಹೊರಗೆ ಉಳಿಯಿತು. ಎಲ್ಲರೂ ನೋಡಿದರು. ದೊಡ್ಡಪ್ಪ ಇನ್ನೊಂದು ಪೆಟ್ಟಿಗೆ ಮಾಡಿ ಮುಗಿಸುವವರೆಗೆ ಅಣ್ಣ ಚರ್ಚಿನ ಬೆಂಚಿನ ಮೇಲೆ ಮಲಗಿ ಕಾದ. ಆ ಗರಗಸದ ಸದ್ದು ನನಗೆ ಈಗಲೂ ನಡುಹಗಲಲ್ಲಿ ಕೇಳಿಸುತ್ತದೆ.

ಅಂದಿನಿಂದ ದೊಡ್ಡಪ್ಪನಿಗೆ ಶಿಲುಬೆಯ ಗುರುತು ಹಾಕಿಕೊಳ್ಳಲು ಆಗಲಿಲ್ಲ. "ಪಿತನ" ಎಂದು ಹಣೆ ಮುಟ್ಟುತ್ತಿದ್ದರು. "ಸುತನ" ಎನ್ನಬೇಕಾದಲ್ಲಿ ಕೈ ಎದೆಯ ಹತ್ತಿರ ನಿಂತುಬಿಡುತ್ತಿತ್ತು. ಪೂಜೆಯಲ್ಲಿ ಪಾದ್ರಿಗಳು ಕೊಡುವ ಪರಮಪ್ರಸಾದಕ್ಕೂ ಏಳುವುದನ್ನು ಬಿಟ್ಟರು. ದೇವರು ತನ್ನನ್ನು ಹತ್ತಿರ ಸೇರಿಸುವುದಿಲ್ಲವೆಂಬ ಭಯ ಅವರನ್ನು ತಿನ್ನುತ್ತಿತ್ತು.

ಅಷ್ಟರಲ್ಲಿ ಒಂದು ಭಾನುವಾರ ಹೊಸ ಪಾದ್ರಿಗಳು ದೇವರು ಒಂಟಿಯಲ್ಲ, ಒಂದು ಸಂಸಾರ ಎಂದು ಪ್ರಸಂಗ ಮಾಡಿದರು. ತಂದೆ ಇದ್ದಾನೆ, ಮಗ ಇದ್ದಾನೆ, ಅವರಿಬ್ಬರ ನಡುವೆ ಹರಿಯುವ ಪ್ರೀತಿಯೇ ಪವಿತ್ರಾತ್ಮ. ಆ ಮನೆಯಲ್ಲಿ ನಮಗೂ ಜಾಗವಿದೆ ಎಂದರು. ಪಾದ್ರಿಗಳಿಗೆ ನಮ್ಮ ಅಣ್ಣನದೇ ವಯಸ್ಸು. ಪೂಜೆ ಮುಗಿದ ಮೇಲೆ ದೊಡ್ಡಪ್ಪ ಅವರೆದುರು ಕೈಕಟ್ಟಿ ನಿಂತರು.

"ಫಾದರ್, ಆ ಮನೇಲಿ ಅಪ್ಪ ಮಗನ ಜೊತೆ ಯಾವತ್ತಾದ್ರೂ ಮಾತು ಬಿಟ್ಟಿದ್ದು ಇದ್ಯಾ?"

ಪಾದ್ರಿಗಳು ಯೋಚಿಸಿದರು. "ಶಿಲುಬೆ ಮೇಲೆ ಮಗ ಕೂಗಿದಾಗ ಉತ್ತರ ಬರಲಿಲ್ಲ."

"ಆಮೇಲೆ?"

"ಮೂರನೇ ದಿನ ಅಪ್ಪನೇ ಎಬ್ಬಿಸಿದ್ರು."

"ಅವರ ಕೈಲಿ ಎಬ್ಬಿಸೋಕಾಯ್ತು, ಫಾದರ್" ಎಂದು ದೊಡ್ಡಪ್ಪ ಮನೆಗೆ ಬಂದರು.

ಮಾರನೆಯ ಬೆಳಿಗ್ಗೆಯಿಂದಲೇ ಕೆಲಸದ ಕೋಣೆಯಲ್ಲಿ ಮಾತು ಶುರುವಾಯಿತು. "ಮಗಾ, ಊಟ ಆಯ್ತಾ?" "ಮಗಾ, ಅಲ್ಲಿ ಚಳಿ ಇದ್ಯಾ?" ಕೇಳಿ ಕೆಲಸ ನಿಲ್ಲಿಸುತ್ತಿದ್ದರು. ಒಬ್ಬರು ಉತ್ತರ ಹೇಳಿ ಮುಗಿಸುವಷ್ಟು ಹೊತ್ತು ಬೀದಿ ಬಾಗಿಲ ಕಡೆ ನೋಡಿ, ಮತ್ತೆ ಉಳಿ ಎತ್ತಿಕೊಳ್ಳುತ್ತಿದ್ದರು. ಮೊದಮೊದಲು ನನಗೆ ಹೆದರಿಕೆ, ಆಮೇಲೆ ಸಿಟ್ಟು. ಬದುಕಿದ್ದಾಗ ಇದರಲ್ಲಿ ಒಂದು ಮಾತು ಸಾಕಿತ್ತಲ್ಲ ಅವನಿಗೆ. ಆ ಬಾಗಿಲನ್ನು ನಾನೂ ನೋಡತೊಡಗಿದಾಗ ಮಾತ್ರ ಗಾಬರಿಯಾಯಿತು.

ಮೂರು ವರ್ಷ ಹೀಗೇ ಕಳೆಯಿತು. ಒಂದು ಸಂಜೆ, "ಮಗಾ, ನನ್ ಮೇಲೆ ಕೋಪ ಇದ್ಯಾ?" ಎಂದು ಕೇಳಿ ಅವರು ಎಷ್ಟು ಹೊತ್ತಾದರೂ ಉಳಿ ಎತ್ತಿಕೊಳ್ಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ದನಿ ಆದಷ್ಟು ದಪ್ಪ ಮಾಡಿಕೊಂಡು, "ಇಲ್ಲಪ್ಪಾ" ಎಂದೆ.

ದೊಡ್ಡಪ್ಪ ತಿರುಗಿ ನೋಡಲಿಲ್ಲ, ಗದರಲೂ ಇಲ್ಲ.

"ನೀನು ಹೇಳ್ಬೇಡಮ್ಮ" ಎಂದರು. "ಅವನು ಹನ್ನೊಂದು ವರ್ಷ ಕಾದ. ನಂಗಿನ್ನೂ ಮೂರೇ ಆಗಿರೋದು."